ರಿಕ್‌ವುಡ್ ಎಂಬ ಹಳೇ ಆಟದ ಮೈದಾನ



ಈ ತಿಂಗಳ ಗೋಡೆ ಪತ್ರಿಕೆಗೆ ಒಂದು ಹಳೆಯ ಕಟ್ಟಡದ ಇತಿಹಾಸ ಬರೆಯಿರಿ ಎಂದು ಸಮಾಜ ಮೇಷ್ಟ್ರು ಹೇಳಿದ್ದರು. ಹಂಪಿ, ಬೇಲೂರು, ಗೋಳಗುಮ್ಮಟ ಎಲ್ಲವನ್ನೂ ಬೇರೆಯವರು ಮೊದಲೇ ಹಿಡ್ಕೊಂಡುಬಿಟ್ಟರು. ನನಗೆ ಆಟ ಅಂದ್ರೆ ಪ್ರಾಣ. ಅದಕ್ಕೇ ನಾನು ಒಂದು ಆಟದ ಮೈದಾನದ ಬಗ್ಗೆ ಬರೆದಿದ್ದೇನೆ. ಅದರ ಹೆಸರು ರಿಕ್‌ವುಡ್ ಫೀಲ್ಡ್. ಅದು ಇರುವುದು ಅಮೆರಿಕ ದೇಶದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ.

ಅಲ್ಲಿ ಆಡುವ ಆಟ ಬೇಸ್‌ಬಾಲ್. ಇದು ನಮ್ಮ ಕ್ರಿಕೆಟ್‌ನ ದಾಯಾದಿ ಇದ್ದ ಹಾಗೆ. ಒಂದು ತಂಡಕ್ಕೆ 9 ಜನ. ಬ್ಯಾಟು ಒನಕೆಯಂತೆ ದುಂಡಗಿರುತ್ತದೆ. ಬಾಲು ನೆಲಕ್ಕೆ ಪುಟಿಯದೆ ನೇರ ಬರುತ್ತದೆ. ಹೊಡೆದವನು ಮೂರು ಮೂಲೆ ಮುಟ್ಟಿ, ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ದೊಡ್ಡ ತಂಡಗಳು ಆಡುವುದು ಮೇಜರ್ ಲೀಗ್, ಅದಕ್ಕಿಂತ ಕೆಳಗಿನದು ಮೈನರ್ ಲೀಗ್. ರಿಕ್‌ವುಡ್ ಮೈನರ್ ಲೀಗ್ ಮೈದಾನ.

ಬರ್ಮಿಂಗ್‌ಹ್ಯಾಮ್ ಕಬ್ಬಿಣದ ಊರು. ರಿಕ್ ವುಡ್‌ವರ್ಡ್ ಎಂಬ ಕಬ್ಬಿಣದ ಸಾಹುಕಾರರಿಗೆ ಆಟದ ಹುಚ್ಚು. ಅವರು ಬ್ಯಾರನ್ಸ್ ಎಂಬ ತಂಡವನ್ನು ಕೊಂಡುಕೊಂಡು, ಅದಕ್ಕಾಗಿ ಕಾಂಕ್ರೀಟು ಮತ್ತು ಉಕ್ಕಿನಿಂದ ಈ ಮೈದಾನ ಕಟ್ಟಿಸಿದರು. ಅವರ ಹೆಸರೇ ಮೈದಾನಕ್ಕೂ ಬಂತು. 1910ನೇ ಇಸವಿ ಆಗಸ್ಟ್ 18ರಂದು ಮೊದಲ ಆಟ. ಆ ದಿನ ಊರಿನ ಅಂಗಡಿಗಳ ಬಾಗಿಲು ಹಾಕಿ 10,000ಕ್ಕೂ ಹೆಚ್ಚು ಜನ ಬಂದಿದ್ದರಂತೆ. ಬ್ಯಾರನ್ಸ್ 3-2ರಲ್ಲಿ ಗೆದ್ದರು. ಅಮೆರಿಕದಲ್ಲಿ ಈಗ ಉಳಿದಿರುವ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲಿ ಇದೇ ಅತ್ಯಂತ ಹಳೆಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ಯಾರನ್ಸ್ ತಂಡದಲ್ಲಿ ಬಿಳಿಯರು ಮಾತ್ರ ಆಡಬೇಕಿತ್ತು. ಕಪ್ಪು ಜನರದು ಬ್ಲ್ಯಾಕ್ ಬ್ಯಾರನ್ಸ್ ಎಂಬ ಬೇರೆ ತಂಡ. ಬ್ಯಾರನ್ಸ್ ಬೇರೆ ಊರಿಗೆ ಆಡಲು ಹೋದಾಗ ಬ್ಲ್ಯಾಕ್ ಬ್ಯಾರನ್ಸ್ ಇದೇ ಮೈದಾನದಲ್ಲಿ ಆಡುತ್ತಿದ್ದರು. ಮೈದಾನ ಅದೇ, ಮಣ್ಣು ಅದೇ, ಆದರೆ ಇಬ್ಬರೂ ಒಟ್ಟಿಗೆ ಆಡುವಂತಿಲ್ಲ! ನೋಡಲು ಬಂದ ಕಪ್ಪು ಜನ ಬಲಗಡೆ ದೂರದ ಬೆಂಚುಗಳಲ್ಲಿ ಕೂರಬೇಕಿತ್ತು. ಡಾ. ಅಂಬೇಡ್ಕರ್ ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು ಎಂದು ನಾವು ಓದಿಲ್ಲವೇ? ನನಗೆ ಅದೇ ನೆನಪಾಯಿತು. ಅಷ್ಟು ದೂರದ ದೇಶದಲ್ಲೂ ಹೀಗೇನಾ ಅನ್ನಿಸಿತು.

1948ರಲ್ಲಿ ವಿಲಿ ಮೇಸ್ ಎಂಬ ಹುಡುಗ ಬ್ಲ್ಯಾಕ್ ಬ್ಯಾರನ್ಸ್ ಸೇರಿದ. ಆಗ ಅವನಿಗೆ ಬರೀ 17 ವರ್ಷ, ಇನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದ. ಅಂದ್ರೆ ನಮಗಿಂತ ನಾಲ್ಕೇ ವರ್ಷ ದೊಡ್ಡವನು. ಅವನ ಅಪ್ಪನೂ ಕಾರ್ಖಾನೆ ತಂಡದ ಆಟಗಾರ. ಆ ವರ್ಷ ಬ್ಲ್ಯಾಕ್ ಬ್ಯಾರನ್ಸ್ ಕಪ್ಪು ಜನರ ಲೀಗಿನ ಅಂತಿಮ ಸರಣಿವರೆಗೆ ಹೋಗಿ ಸೋತರು. ಮುಂದೆ ವಿಲಿ ಮೇಸ್ ಮೇಜರ್ ಲೀಗಿಗೆ ಹೋಗಿ 660 ಹೋಮ್ ರನ್ ಹೊಡೆದರು. (ಹೋಮ್ ರನ್ ಅಂದ್ರೆ ನಮ್ಮ ಸಿಕ್ಸರ್ ಇದ್ದ ಹಾಗೆ.) ಇಷ್ಟು ದೊಡ್ಡ ಆಟಗಾರ ತನ್ನ ಊರಿನ ಬ್ಯಾರನ್ಸ್ ತಂಡಕ್ಕೆ ಮಾತ್ರ ಬೇಡವಾಗಿದ್ದ. ನಷ್ಟ ಯಾರಿಗೆ ಹೇಳಿ?

1950ರಲ್ಲಿ ಆ ಊರಿನವರು ಕಾನೂನನ್ನೇ ಮಾಡಿದರು. ಕಪ್ಪು ಜನ, ಬಿಳಿ ಜನ ಒಟ್ಟಿಗೆ ಇಸ್ಪೀಟು ಆಡಿದರೂ ತಪ್ಪು, ದಾಳ ಆಡಿದರೂ ತಪ್ಪು, ಬೇಸ್‌ಬಾಲ್ ಆಡಿದರೂ ತಪ್ಪು! ಇದನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. 1961ರ ಆಟಗಳು ಮುಗಿದ ಮೇಲೆ ಬ್ಯಾರನ್ಸ್ ಆಡುತ್ತಿದ್ದ ಲೀಗೇ ನಿಂತುಹೋಯಿತು. ಎರಡು ವರ್ಷ ಮೈದಾನದಲ್ಲಿ ಬ್ಯಾರನ್ಸ್ ಆಟ ಇರಲಿಲ್ಲ. 1964ರಲ್ಲಿ ತಂಡ ಮತ್ತೆ ಶುರುವಾದಾಗ ಕಪ್ಪು ಮತ್ತು ಬಿಳಿ ಆಟಗಾರರು ಒಂದೇ ತಂಡದಲ್ಲಿ ಆಡಿದರು.

ಆದರೂ ಊರು ಒಂದೇ ದಿನದಲ್ಲಿ ಬದಲಾಗಲಿಲ್ಲ. 1967ರಲ್ಲಿ ಇಲ್ಲಿ ಆಡಿದ ರೆಗ್ಗಿ ಜಾಕ್ಸನ್ ಎಂಬ ಕಪ್ಪು ಆಟಗಾರರಿಗೆ ಹೋಟೆಲಿನವರು ಊಟ ಕೊಡುತ್ತಿರಲಿಲ್ಲ. ಆಗ ತಂಡದ ಮ್ಯಾನೇಜರ್, ಅವರು ಬಿಳಿಯರು, "ರೆಗ್ಗಿಗೆ ಇಲ್ಲದ ಊಟ ನಮಗೂ ಬೇಡ" ಎನ್ನುವ ಹಾಗೆ ಇಡೀ ತಂಡವನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರಂತೆ. ಇದನ್ನು ರೆಗ್ಗಿಯವರೇ ಮುದುಕರಾದ ಮೇಲೆ ಟೀವಿಯಲ್ಲಿ ಹೇಳಿದ್ದಾರೆ. ಈ ಇತಿಹಾಸದಲ್ಲೆಲ್ಲಾ ನನಗೆ ಬಹಳ ಹಿಡಿಸಿದ ಮನುಷ್ಯ ಆ ಮ್ಯಾನೇಜರ್. ಹೆಸರು ಜಾನ್ ಮೆಕ್‌ನಮಾರ.

1987ರ ನಂತರ ಬ್ಯಾರನ್ಸ್ ಹೊಸ ಮೈದಾನಕ್ಕೆ ಹೋದರು. ಹಳೆಯದು ಹಾಳಾಗುತ್ತಿತ್ತು. 1992ರಲ್ಲಿ ಊರಿನವರು ಒಂದು ಸಂಘ ಕಟ್ಟಿ, ರಿಪೇರಿ ಮಾಡಿಸಿ ಉಳಿಸಿಕೊಂಡರು.

2024ರ ಜೂನ್ 20ರಂದು ಮೊದಲ ಸಲ ಇಲ್ಲಿ ಮೇಜರ್ ಲೀಗಿನ ಪಂದ್ಯ ನಡೆಯಿತು. ಕಾರ್ಡಿನಲ್ಸ್ ತಂಡ ಜೈಂಟ್ಸ್ ತಂಡವನ್ನು 6-5ರಲ್ಲಿ ಸೋಲಿಸಿತು. ಜೈಂಟ್ಸ್ ಅಂದ್ರೆ ವಿಲಿ ಮೇಸ್ ಆಡಿ ಹೆಸರು ಮಾಡಿದ ತಂಡ. ಅವರು ಮಾತ್ರ ಇದನ್ನು ನೋಡಲಿಲ್ಲ. ಎರಡು ದಿನ ಮೊದಲು, ಜೂನ್ 18ರಂದು, 93ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ಪಂದ್ಯದ ಅಂಪೈರುಗಳು ಐದೂ ಜನ ಕಪ್ಪು ಜನರೇ. ಮೇಜರ್ ಲೀಗಿನಲ್ಲಿ ಹಾಗೆ ಆದದ್ದು ಅದೇ ಮೊದಲು. ಆ ದಿನ ಯಾರು ಔಟ್, ಯಾರು ನಾಟೌಟ್ ಎಂದು ಹೇಳಿದವರು ಅವರೇ.

— 7ನೇ ತರಗತಿ