ತಿಪ್ಪೆಗೆ ಬಿದ್ದ ಹಳೆ ಮೊಬೈಲು: ನಮ್ಮ ಗೊಬ್ಬರ, ನಮ್ಮ ಮಣ್ಣು ಉಳಿಸಿಕೊಳ್ಳೋದು ಹೇಗೆ?



ಈ ವಾರದ ಪಾಠ ಕೀಟದ್ದೂ ಅಲ್ಲ, ರೋಗದ್ದೂ ಅಲ್ಲ. ನೀವು ಈಗ ಕೈಯಲ್ಲಿ ಹಿಡಿದು ಓದುತ್ತಿದ್ದೀರಲ್ಲ, ಆ ಮೊಬೈಲಿನದು. ಅದು ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ನಾನೂ ಯೋಚನೆ ಮಾಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ತಿಪ್ಪೆಯೇ ಅದನ್ನ ಕಲಿಸಿತು.

ನಮ್ಮದು ಕುಂತೂರು. ಸುತ್ತ ಕಬ್ಬು, ಭತ್ತ, ಅಲ್ಲಲ್ಲಿ ಹಿಪ್ಪುನೇರಳೆ. ನಾನು ತೋಟಗಾರಿಕೆ ಪದವಿ ಮುಗಿಸಿ, ಕೆಲವು ವರ್ಷ ಬೇರೆಯವರ ಹತ್ರ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಸಾವಯವ ಸೊಪ್ಪು, ತರಕಾರಿ ಬೆಳೆಯುತ್ತಿದ್ದೇನೆ. ರಾಸಾಯನಿಕ ಮುಟ್ಟಲ್ಲ ಅಂತ ಗಿರಾಕಿಗಳಿಗೆ ಮಾತು ಕೊಟ್ಟಿರೋದರಿಂದ ಗೊಬ್ಬರದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ದಂಟು, ಪಾಲಕ್ ಮಡಿಗೆ ಹಾಕೋಣ ಅಂತ ಸುಮಾರು ಒಂದು ಟನ್ ತಿಪ್ಪೆಗೊಬ್ಬರ ಜರಡಿ ಹಿಡಿಯುತ್ತಿದ್ದೆವು. ಜರಡಿಯಲ್ಲಿ ಕಲ್ಲು, ತೆಂಗಿನ ಚಿಪ್ಪಿನ ಜೊತೆ ಒಂದು ಕೀಪ್ಯಾಡ್ ಮೊಬೈಲು ಉಳಿಯಿತು. ಹಿಂದಿನ ಮುಚ್ಚಳ ಇಲ್ಲ, ಬ್ಯಾಟರಿ ಊದಿಕೊಂಡಿದೆ. ಅದರ ಪಕ್ಕದಲ್ಲೇ ಹಳೇ ಕಾರ್ಡ್‌ಲೆಸ್ ಫೋನಿನ ಬ್ಯಾಟರಿ ಕಟ್ಟು. ಮೂರು ಸೆಲ್ಲಿನಲ್ಲಿ ಒಂದು ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಹೊದಿಕೆ ಮೇಲೆ 'ನಿಕಲ್ ಕ್ಯಾಡ್ಮಿಯಂ' ಅಂತ ಇನ್ನೂ ಓದೋಕೆ ಬರ್ತಿತ್ತು.

ಅಪ್ಪನ ಮೇಲೆ ರೇಗಿದೆ. ಅಪ್ಪ ತಣ್ಣಗೆ ಹೇಳಿದರು: "ಅದೇನ್ ಮಾಡ್ತದೆ ಬುಡ್ಲಾ ಮಗ, ಮಣ್ಣಿಗ್ ಬಿದ್ರೆ ಮಣ್ಣಾಯ್ತದೆ."

ಮೊಬೈಲು ತೊಳೆದು ನೋಡಿದೆ. ನಾನು ಕಾಲೇಜಿಗೆ ಸೇರಿದಾಗ ಅಪ್ಪನೇ ಕೊಡಿಸಿದ್ದ ಫೋನು ಅದು. ಹೊಸದು ಬಂದ ಮೇಲೆ ಅಟ್ಟದ ಮೇಲೆ ಎಸೆದಿದ್ದೆ. ಹಬ್ಬಕ್ಕೆ ಮನೆ ಗುಡಿಸುವಾಗ ಅಮ್ಮ ಕಸದ ಜೊತೆ ಮಂಕರಿಗೆ ತುಂಬಿ ತಿಪ್ಪೆಗೆ ಹಾಕಿದ್ದಾರೆ. ತಪ್ಪು ಅವರದ್ದಲ್ಲ. ಓದಿದ ನಾನೇ ಅದನ್ನ ಏನು ಮಾಡಬೇಕು ಅಂತ ಮನೇಲಿ ಒಂದು ದಿನಾನೂ ಹೇಳಿರಲಿಲ್ಲ.

ಮಣ್ಣಿಗೆ ಬಿದ್ದರೆ ಮಣ್ಣಾಗುತ್ತಾ?

ಸಗಣಿ, ಸೋಗೆ, ಸೊಪ್ಪು ಮಣ್ಣಾಗುತ್ತೆ. ಸೂಕ್ಷ್ಮಜೀವಿಗಳು ಅದನ್ನ ತಿಂದು ಒಡೆಯುತ್ತವೆ. ಕೀಟನಾಶಕ ಕೂಡ ಬಹುತೇಕ ಕಾಲ ಕಳೆದಂತೆ ಒಡೆಯುತ್ತೆ. ಆದರೆ ಲೋಹವನ್ನ ಯಾವ ಜೀವಾಣುವೂ ಒಡೆಯಲಾರದು. ಸೀಸ ಸೀಸವಾಗೇ ಇರುತ್ತೆ, ಕ್ಯಾಡ್ಮಿಯಂ ಕ್ಯಾಡ್ಮಿಯಂ ಆಗೇ ಇರುತ್ತೆ. ಹೋದರೆ ಬೆಳೆಯೊಳಗೆ ಹೋಗಬೇಕು, ಇಲ್ಲಾ ನೀರಿನ ಜೊತೆ ಹೋಗಬೇಕು. ಎರಡೂ ನಮಗೆ ಬೇಡದ ದಾರಿ.

ಮೊಬೈಲಿನೊಳಗೆ ಏನೇನಿದೆ ಅಂತ ಚುಟುಕಾಗಿ ನೋಡೋಣ.

- ಈಗಿನ ಲಿಥಿಯಂ ಬ್ಯಾಟರಿ: ಲಿಥಿಯಂ, ಕೋಬಾಲ್ಟ್, ಕೆಲವದರಲ್ಲಿ ನಿಕಲ್, ತಾಮ್ರದ ಹಾಳೆ, ಜೊತೆಗೆ ಬೇಗ ಬೆಂಕಿ ಹತ್ತುವ ದ್ರವ. ಆ ದ್ರವದಲ್ಲಿರುವ ಲವಣ ನೀರು ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತೆ. ಅದು ಚರ್ಮಕ್ಕೂ ಕಣ್ಣಿಗೂ ಬಹಳ ಅಪಾಯ.
- ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ: ಆರಂಭದ ಮೊಬೈಲು, ಕಾರ್ಡ್‌ಲೆಸ್ ಫೋನು, ಚಾರ್ಜಿಂಗ್ ಟಾರ್ಚುಗಳಲ್ಲಿ ಇರುತ್ತಿದ್ದುದು. ಮಣ್ಣಿಗೆ ಅತಿ ಕೆಟ್ಟದ್ದು ಇದೇ.
- ಒಳಗಿನ ಬೋರ್ಡು: ತಾಮ್ರ, ಒಂಚೂರು ಚಿನ್ನ, ಬೆಳ್ಳಿ. ಹಳೇ ಫೋನುಗಳ ಬೆಸುಗೆಯಲ್ಲಿ ಸೀಸ. ಯುರೋಪಿನಲ್ಲಿ 2006ರಿಂದ ಈ ಸೀಸಕ್ಕೆ ಕಡಿವಾಣ ಬಿತ್ತು. ನಮ್ಮಲ್ಲಿ 2012ರಲ್ಲಿ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ಮಿತಿ ಬಂತು. ಅಟ್ಟದ ಮೇಲಿರೋದು ಅದಕ್ಕಿಂತ ಹಳೇದೇ ಇರಬಹುದು.
- ಪ್ಲಾಸ್ಟಿಕ್: ಬೆಂಕಿ ಹತ್ತದಿರಲಿ ಅಂತ ಬ್ರೋಮಿನ್ ಇರುವ ರಾಸಾಯನಿಕ ಸೇರಿಸಿರುತ್ತಾರೆ. ಅದನ್ನ ಸುಟ್ಟರೆ ಡಯಾಕ್ಸಿನ್ ಥರದ ವಿಷ ಹೊಗೆಯಲ್ಲಿ ಬರುತ್ತೆ.

ಒಂದು ಚಿಕ್ಕ ಲೆಕ್ಕ

"ಒಂದು ಬ್ಯಾಟರಿಯಿಂದ ಏನಾಗುತ್ತೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ.

ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ತೂಕದಲ್ಲಿ ನೂರಕ್ಕೆ ಹದಿನೈದರ ಆಸುಪಾಸು ಕ್ಯಾಡ್ಮಿಯಂ ಇರಬಹುದು. 20 ಗ್ರಾಂ ಬ್ಯಾಟರಿ ಅಂತ ಹಿಡಿದರೆ 3 ಗ್ರಾಂ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರಾಟದ ಕಾಂಪೋಸ್ಟಿನಲ್ಲಿ ಒಂದು ಕೆಜಿಗೆ 5 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಬಾರದು. 3 ಗ್ರಾಂ ಅಂದರೆ 3000 ಮಿಲಿಗ್ರಾಂ. ಅದನ್ನ 5ರಿಂದ ಭಾಗಿಸಿ. 600 ಬರುತ್ತೆ. ಅಂದರೆ ಬೆರಳುದ್ದದ ಒಂದು ಬ್ಯಾಟರಿ ಪೂರ್ತಿ ಕರಗಿದರೆ 600 ಕೆಜಿ ಗೊಬ್ಬರವನ್ನ ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತೆ.

ಇನ್ನು ಮಣ್ಣು. ಒಂದು ಗುಂಟೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಹೆಚ್ಚುಕಮ್ಮಿ 20 ಟನ್. ಅದಕ್ಕೆ 3 ಗ್ರಾಂ ಬಿದ್ದರೆ ಕೆಜಿಗೆ 0.15 ಮಿಲಿಗ್ರಾಂ ಏರಿಕೆ. ಚಿಕ್ಕದು ಅನ್ನಿಸುತ್ತೆ. ಆದರೆ ಸಾಮಾನ್ಯ ಮಣ್ಣಿನಲ್ಲಿ ಸಹಜವಾಗಿ ಇರೋದೇ ಕೆಜಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ. ಮೇಲಾಗಿ ಬಂದದ್ದು ಹೋಗಲ್ಲ. ವರ್ಷ ವರ್ಷ ಅದೇ ತಿಪ್ಪೆಯ ಗೊಬ್ಬರ ಅದೇ ಹೊಲಕ್ಕೆ ಹೋಗುತ್ತೆ.

ಕ್ಯಾಡ್ಮಿಯಂನ ಇನ್ನೊಂದು ಗುಣ ಅಂದರೆ, ಸೀಸಕ್ಕಿಂತ ಸುಲಭವಾಗಿ ಬೇರಿನಿಂದ ಎಲೆಗೆ ಏರುತ್ತೆ. ಪಾಲಕ್ ಥರದ ಸೊಪ್ಪು ಅದನ್ನ ಚೆನ್ನಾಗಿ ಎಳೆದುಕೊಳ್ಳುತ್ತೆ. ಹುಳಿ ಮಣ್ಣಾದರೆ ಇನ್ನೂ ಜಾಸ್ತಿ. ಎರೆಹುಳದ ಮೈಯಲ್ಲೂ ಸೇರಿಕೊಳ್ಳುತ್ತೆ. ಮನುಷ್ಯನ ಮೂತ್ರಪಿಂಡದಲ್ಲಿ ಸೇರಿದರೆ ಹತ್ತಾರು ವರ್ಷ ಅಲ್ಲೇ ಇರುತ್ತೆ.

"ಮಣ್ಣು ಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ?" ಮಾಮೂಲಿ ಪರೀಕ್ಷೆಯಲ್ಲಿ ಗೊತ್ತಾಗಲ್ಲ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ, ಕ್ಯಾಡ್ಮಿಯಂ ಅದರಲ್ಲಿ ಇಲ್ಲ. ಬೇಕಾದರೆ ಬೇರೆ ಲ್ಯಾಬು, ಬೇರೆ ದುಡ್ಡು.

ನಾನೇನು ಮಾಡಿದೆ? ಬ್ಯಾಟರಿ ಸಿಕ್ಕ ಜಾಗದ ಸುತ್ತಲಿನ ಗೊಬ್ಬರ ಬಾಚಿ ಚೀಲಕ್ಕೆ ತುಂಬಿ ಬೇರೆ ಇಟ್ಟೆ. ಉಳಿದದ್ದನ್ನ ಸೊಪ್ಪಿಗೆ ಹಾಕೋ ಧೈರ್ಯ ಬರಲಿಲ್ಲ. ಬೇಲಿ ಸಾಲಿನ ಸಿಲ್ವರ್ ಓಕ್ ಬುಡಕ್ಕೆ ಹಾಕಿದೆ. ಸೊಪ್ಪಿನ ಮಡಿಗೆ ಹೊಂಗೆ ಹಿಂಡಿ ದುಡ್ಡು ಕೊಟ್ಟು ತಂದೆ. ಒಂದು ಟನ್ ಗೊಬ್ಬರ, ಒಂದು ವರ್ಷದ ಸಗಣಿ, ಅಮ್ಮನ ಬೆನ್ನುನೋವು ಎಲ್ಲ ಹೋಯಿತು. ಕಾರಣ ಅಟ್ಟದ ಮೇಲೆ ಎಸೆದ ಫೋನು.

ಗುಜರಿಗೆ ಹಾಕಿದರೆ ಆಗಲ್ವಾ?

ಗುಜರಿಯವರು ಕಬ್ಬಿಣ, ಕಾಗದ, ಪ್ಲಾಸ್ಟಿಕ್ ಒಯ್ದು ಊರಿಗೆ ಉಪಕಾರ ಮಾಡುತ್ತಾರೆ. ಅವರನ್ನ ಬೈಯೋದು ಬೇಡ. ಆದರೆ ಮೊಬೈಲಿಗೆ ಬೇಕಾದ ಸಲಕರಣೆ ಅವರ ಹತ್ರ ಇಲ್ಲ. ತಾಮ್ರಕ್ಕಾಗಿ ವೈರು, ಬೋರ್ಡು ಸುಡುತ್ತಾರೆ, ಕೆಲವು ಕಡೆ ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುತ್ತಾರೆ. ಆ ಹೊಗೆ ಮೊದಲು ಅವರ ಮಕ್ಕಳಿಗೇ, ಬೂದಿ ಮಳೆ ನೀರಿನ ಜೊತೆ ನಮ್ಮ ನಾಲೆಗೆ.

ಹಾಗಂತ ಹಳೆ ಮೊಬೈಲು ಬರೀ ಕಸ ಅಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕೊನೆಕೊನೆಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು 3 ಗ್ರಾಂ ಆಸುಪಾಸು ಚಿನ್ನ. ಬ್ಯಾಟರಿ ತೆಗೆದ ಒಂದು ಟನ್ ಹಳೆ ಮೊಬೈಲಿನಲ್ಲಿ ಸುಮಾರು 300 ಗ್ರಾಂ ಇರುತ್ತೆ ಅನ್ನೋದು ಸಾಮಾನ್ಯ ಅಂದಾಜು. ಜಪಾನಿನವರು 2017ರಿಂದ 2019ರವರೆಗೆ ಜನರಿಂದ ಸುಮಾರು 62 ಲಕ್ಷ ಹಳೆ ಮೊಬೈಲು, ಜೊತೆಗೆ ಬೇರೆ ಸಣ್ಣ ಉಪಕರಣ ಸಂಗ್ರಹಿಸಿ, ಅದರಿಂದ ತೆಗೆದ ಲೋಹದಲ್ಲೇ ಟೋಕಿಯೊ ಒಲಿಂಪಿಕ್ಸಿನ ಪದಕ ಮಾಡಿದರು. 32 ಕೆಜಿ ಚಿನ್ನ ಸಿಕ್ಕಿತ್ತು.

ಆದರೆ ಜಗತ್ತಿನ ಒಟ್ಟು ಲೆಕ್ಕ ಚೆನ್ನಾಗಿಲ್ಲ. ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಸರಿಯಾದ ರೀತಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತು ಅಂತ ದಾಖಲೆ ಇರೋದು ನೂರಕ್ಕೆ 22.3 ಮಾತ್ರ.

ನಮ್ಮ ರಾಜ್ಯ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ದೇಶದಲ್ಲಿ ಮೊದಲು ಸರ್ಕಾರದ ಅನುಮತಿ ಪಡೆದ ಇ-ತ್ಯಾಜ್ಯ ಮರುಬಳಕೆ ಘಟಕ, ಇ-ಪರಿಸರ, 2005ರಲ್ಲಿ ಬೆಂಗಳೂರು ಹತ್ರದ ದಾಬಸ್‌ಪೇಟೆಯಲ್ಲಿ ಶುರುವಾಯಿತು. ಇಂಥ ಘಟಕಗಳಲ್ಲಿ ಮೊದಲು ಕೈಯಿಂದ ಬಿಚ್ಚಿ ಬ್ಯಾಟರಿ, ಪರದೆ, ಬೋರ್ಡು ಬೇರೆ ಮಾಡುತ್ತಾರೆ. ಆಮೇಲೆ ಪುಡಿ ಮಾಡಿ ಲೋಹ, ಪ್ಲಾಸ್ಟಿಕ್ ಬೇರ್ಪಡಿಸುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಇ-ತ್ಯಾಜ್ಯ ನಿಯಮದಲ್ಲಿ ಫೋನು ತಯಾರಿಸುವ ಕಂಪನಿಗಳೇ ಇಷ್ಟು ಪ್ರಮಾಣ ಮರುಬಳಕೆ ಆಗುವಂತೆ ನೋಡಿಕೊಳ್ಳಬೇಕು ಅಂತಿದೆ.

ಹಂತ ಹಂತವಾಗಿ ಏನು ಮಾಡಬೇಕು?

1. ಮೊದಲು ಬದುಕಿಸಿ. ಒಂದು ಸ್ಮಾರ್ಟ್‌ಫೋನು ಪರಿಸರಕ್ಕೆ ಕೊಡುವ ಹೊರೆಯಲ್ಲಿ ಬಹುಪಾಲು ಅದನ್ನ ತಯಾರಿಸುವಾಗಲೇ ಆಗಿರುತ್ತೆ. ಆದ್ದರಿಂದ ಬ್ಯಾಟರಿಯೋ ಡಿಸ್‌ಪ್ಲೇಯೋ ಬದಲಾಯಿಸಿ ಎರಡು ವರ್ಷ ಜಾಸ್ತಿ ಓಡಿಸಿದರೆ ಅದೇ ದೊಡ್ಡ ಉಳಿತಾಯ. ಕ್ಯಾಮೆರಾ ಚೆನ್ನಾಗಿದ್ದರೆ ತೋಟದ ಫೋನು ಮಾಡಿಕೊಳ್ಳಿ. ನಾನು ಒಂದನ್ನ ರೋಗ, ಕೀಟದ ಫೋಟೋ ತೆಗೆಯೋಕೆ ಮಾತ್ರ ಇಟ್ಟಿದ್ದೇನೆ. ಯಾವ ತಾರೀಖು ಯಾವ ಮಡಿಯಲ್ಲಿ ಹೇನು ಬಂತು ಅನ್ನೋ ದಾಖಲೆ ತಾನಾಗೇ ಸಿಗುತ್ತೆ.

2. ಸಿಮ್ ತೆಗೆಯಿರಿ, ಲೆಕ್ಕ ಅಳಿಸಿ. ನಮ್ಮ ಫೋನಿನಲ್ಲಿ ಬ್ಯಾಂಕು, ಯುಪಿಐ, ಆಧಾರ್ ಫೋಟೋ, ಪಹಣಿ ಎಲ್ಲ ಇರುತ್ತೆ. ಬೇಕಾದ್ದನ್ನ ಹೊಸ ಫೋನಿಗೆ ಹಾಕಿಕೊಳ್ಳಿ. ಗೂಗಲ್ ಖಾತೆಯಿಂದ ಹೊರಬನ್ನಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಮೆಮೊರಿ ಕಾರ್ಡು ಮರೀಬೇಡಿ. ಫ್ರೂಟ್ಸ್, ಪಿಎಂ-ಕಿಸಾನ್‌ಗೆ ಕೊಟ್ಟ ನಂಬರು ಹಳೇ ಸಿಮ್ಮಿನದೇ ಆಗಿದ್ದರೆ ಆ ಸಿಮ್ ಜೋಪಾನ, ಓಟಿಪಿ ಅದಕ್ಕೇ ಬರೋದು.

3. ಬ್ಯಾಟರಿ. ಕೀಪ್ಯಾಡ್ ಫೋನಾದರೆ ಬ್ಯಾಟರಿ ಹೊರಗೆ ತೆಗೆದು, ಲೋಹದ ತುದಿಗಳಿಗೆ ಟೇಪು ಅಂಟಿಸಿ. ಸ್ಮಾರ್ಟ್‌ಫೋನಿನ ಒಳಗೆ ಕೂತಿರುವ ಬ್ಯಾಟರಿಯನ್ನ ನೀವೇ ಕೀಳೋಕೆ ಹೋಗಬೇಡಿ.

4. ಊದಿದ ಬ್ಯಾಟರಿ. ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಬಿಸಿಲಿಗೆ ಇಡಬೇಡಿ. ಒಣ ಮರಳು ತುಂಬಿದ ಮಡಕೆಯಲ್ಲೋ ತಗಡಿನ ಡಬ್ಬಿಯಲ್ಲೋ ಹಾಕಿ ಮನೆಯಿಂದ ಹೊರಗೆ, ನೆರಳಲ್ಲಿ ಇಡಿ. ಹುಲ್ಲಿನ ಮೆದೆ, ಕೊಟ್ಟಿಗೆ, ರೇಷ್ಮೆ ಹುಳು ಸಾಕುವ ಮನೆ ಹತ್ರ ಬೇಡವೇ ಬೇಡ. ಬಸ್ ಪಾರ್ಸೆಲ್ಲಿಗೂ ಹಾಕಬೇಡಿ, ದಾರಿಯಲ್ಲಿ ಬೆಂಕಿ ಹತ್ತಬಹುದು.

5. ಸರಿಯಾದವರ ಕೈಗೆ ಕೊಡಿ. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್ ಕೇಳಿ. ಪೂರ್ತಿ ಸತ್ತ ಫೋನಾದರೆ ಆ ಕಂಪನಿಯ ವೆಬ್‌ಸೈಟಿನಲ್ಲಿ ಇ-ತ್ಯಾಜ್ಯ ಅಂತ ಹುಡುಕಿ, ಎಲ್ಲಿ ಕೊಡಬೇಕು ಅಂತ ಸಹಾಯವಾಣಿಗೆ ಕೇಳಿ. ಅನುಮತಿ ಪಡೆದ ಮರುಬಳಕೆದಾರರ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತೆ. ಕೊಟ್ಟ ಮೇಲೆ ರಸೀದಿ ಕೇಳಿ.

ಒಬ್ಬರಿಂದ ಆಗದ್ದು, ಡೇರಿಯಿಂದ ಆಗುತ್ತೆ

ಒಂದು ಫೋನಿಗಾಗಿ ಮೈಸೂರಿಗೆ ಯಾರು ಹೋಗ್ತಾರೆ? ಅದಕ್ಕೇ ನಾವು ಐದಾರು ಹುಡುಗರು ಸೇರಿ ಹಾಲಿನ ಡೇರಿ ಹತ್ರ ಮುಚ್ಚಳ ಇರೋ ಒಂದು ಡಬ್ಬಿ ಇಟ್ಟೆವು. ಬೆಳಿಗ್ಗೆ ಸಂಜೆ ಎಲ್ಲ ಮನೆಯವರೂ ಬರುವ ಜಾಗ ಅದೊಂದೇ.

ಮೊದಲ ಎರಡು ವಾರ ಒಂದು ಚಾರ್ಜರ್ ಮಾತ್ರ ಬಿತ್ತು. "ಗುಜರಿಯವನು ಐವತ್ತು ರೂಪಾಯಿ ಕೊಡ್ತಾನೆ ಕನಪ್ಪ, ನೀವೇನ್ ಕೊಟ್ಟೀರಿ?" ಅಂತ ಒಬ್ಬ ಅಜ್ಜಿ ಕೇಳಿದರು. ಉತ್ತರ ಇರಲಿಲ್ಲ. ಆಮೇಲೆ ಜರಡಿಯಲ್ಲಿ ಸಿಕ್ಕ ನನ್ನ ಫೋನು, ತುಕ್ಕು ಹಿಡಿದ ಸೆಲ್ಲು ಎರಡನ್ನೂ ಒಂದು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಡಬ್ಬಿ ಪಕ್ಕ ಇಟ್ಟೆ. 'ಇದು ನನ್ನ ತಿಪ್ಪೆಯಲ್ಲಿ ಸಿಕ್ಕಿತು' ಅಂತ ಚೀಟಿ ಬರೆದೆ. ಆಮೇಲೆ ಬರೋಕೆ ಶುರುವಾಯಿತು. ತೊಟ್ಟಿಲ ಮಗು ಆಟಕ್ಕಿಟ್ಟಿದ್ದ ಫೋನೂ ಬಂತು.

ಮೈಸೂರಿನಲ್ಲಿ ಒಂದು ಸರ್ವಿಸ್ ಸೆಂಟರಿಗೆ ಮೊದಲ ಸಲ ಒಯ್ದಾಗ "ನಮಗೆ ಗೊತ್ತಿಲ್ಲ, ತಗೊಂಡೋಗಿ" ಅಂದರು. ಸಹಾಯವಾಣಿಗೆ ಫೋನ್ ಮಾಡಿ, ದೂರಿನ ನಂಬರು ತೆಗೆದುಕೊಂಡು ಎರಡನೇ ಸಲ ಹೋದಾಗ ತೆಗೆದುಕೊಂಡರು. ನಿಮಗೂ ಹೀಗೆ ಆಗಬಹುದು. ವಾಪಸ್ ತಂದು ಗುಜರಿಗೆ ಹಾಕಬೇಡಿ, ಇನ್ನೊಂದು ಸಲ ಕೇಳಿ.

ಡಬ್ಬಿ ಇಡುವವರಿಗೆ ಮೂರು ಮಾತು: ಡಬ್ಬಿಗೆ ಬೀಗ ಇರಲಿ, ಮಕ್ಕಳ ಕೈಗೆ ಸಿಗಬಾರದು. ಊದಿದ ಬ್ಯಾಟರಿಗೆ ಮರಳಿನ ಮಡಕೆ ಬೇರೆ ಇರಲಿ. ಯಾರೂ ಏನನ್ನೂ ಬಿಚ್ಚಬಾರದು.

ಈ ವಾರದ ಕೆಲಸ

ಅಟ್ಟ, ಬೀರು, ದೇವರ ಮನೆ ಪೆಟ್ಟಿಗೆ ಹುಡುಕಿ. ಎಷ್ಟು ಫೋನು, ಚಾರ್ಜರು, ಟಾರ್ಚು, ಬ್ಯಾಟರಿ ಇವೆ ಅಂತ ಎಣಿಸಿ. ನಮ್ಮ ಮನೇಲಿ ಏಳು ಫೋನು ಸಿಕ್ಕವು, ಇರೋದು ನಾಲ್ಕು ಜನ. ಬ್ಯಾಟರಿ ಮೇಲೆ ಚಕ್ರದ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರ ಇದ್ದರೆ ಮನೆಯವರಿಗೆಲ್ಲ ತೋರಿಸಿ. ಕಸಕ್ಕೆ ಹಾಕಬಾರದು ಅಂತ ಅದರ ಅರ್ಥ. ಮನೆ ಗುಡಿಸುವ ಅಮ್ಮ, ಅಕ್ಕಂದಿರಿಗೆ ಮೊದಲು ಹೇಳಿ, ತಿಪ್ಪೆಗೆ ಏನು ಹೋಗುತ್ತೆ ಅನ್ನೋದು ಅವರ ಕೈಯಲ್ಲೇ ಇರೋದು.

ನಮ್ಮ ಅಪ್ಪ ಈಗಲೂ "ಮಣ್ಣಾಯ್ತದೆ ಬುಡ್ಲಾ" ಅಂತಾರೆ. ಆದರೆ ಮೊನ್ನೆ ಟಾರ್ಚಿನ ಸೆಲ್ಲು ಖಾಲಿಯಾದಾಗ ಅದನ್ನ ಜೇಬಿಗೆ ಹಾಕಿಕೊಂಡು ಹಾಲಿನ ಕ್ಯಾನಿನ ಜೊತೆ ಡೇರಿಗೆ ಹೊರಟಿದ್ದರು.