ಲದ್ದಿಗಾಗಿ ಕಾದ ರಾತ್ರಿ

ಔಷಧದ ಬಾಟಲಿಯ ಚೀಟಿಯನ್ನು ನಾನು ಓದಿಸಿದ್ದು ಮೂರನೇ ದಿನ. ಅಷ್ಟೊತ್ತಿಗೆ ನನ್ನ ಟಾಂಗಾದ ಕುದುರೆ ಚಾಂದನಿ ಲದ್ದಿ ಹಾಕದೆ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಅಕ್ಕನ ಮಗಳು ಮೊಬೈಲ್ ಬೆಳಕು ಹಿಡಿದು ಇಂಗ್ಲಿಷಿನ ಸಾಸಿವೆಕಾಳಿನಂಥ ಅಕ್ಷರ ಓದುತ್ತ ಹೋದಳು. ದನ, ಎಮ್ಮೆ, ಕುರಿ, ಆಡು. ಆಮೇಲೆ ಸುಮ್ಮನಾದಳು. "ಮಾಮಾ, ಕುದುರಿಗೆ ಹಚ್ಚಬ್ಯಾಡ್ರಿ ಅಂತ ಬರದಾರ" ಅಂದಳು.

ಇದೆಲ್ಲ ಶುರುವಾದದ್ದು ಹೀಗೆ. ಸೀಗಿ ಹುಣ್ಣಿಮೆಗೆ ಬಬಲೇಶ್ವರದ ಹತ್ತಿರ ಹೆಂಡತಿಯ ತವರಿನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಮಕ್ಕಳ ಹಟಕ್ಕೆ ಟಾಂಗಾ ಕಟ್ಟಿಕೊಂಡೇ ಹೋಗಿದ್ದೆ. ಆ ಸಲ ಮಳೆ ಚಲೋ ಆಗಿತ್ತು, ಬದುವಿನ ಹುಲ್ಲು ಮೊಣಕಾಲೆತ್ತರ. ಗೋಳಗುಮ್ಮಟದ ಮುಂದೆ ಟಾರು ರಸ್ತೆಯಲ್ಲಿ ನಿಂತು ಒಣ ಕಣಿಕೆ ತಿನ್ನುವ ಜೀವ, ನಾಲ್ಕು ದಿನ ಹಸಿರು ಮೇಯಲಿ ಅಂತ ಅಲ್ಲೇ ಬಿಟ್ಟು ಬಂದೆ.

ವಾಪಸ್ ತಂದ ಮೇಲೆ ತೊಂದರೆ ಕಾಣಿಸಿತು. ಸವಾರಿಗೆ ನಿಂತಲ್ಲಿ ಕಾಲು ಅಪ್ಪಳಿಸುವುದು. ಒಂದು, ಎರಡು, ಮತ್ತೆ ಒಂದು. ಲಾಳ ಟಾರಿಗೆ ಬಡಿದ ಸದ್ದಿಗೆ ಹತ್ತಿದ ಪ್ರವಾಸಿಗರು ಇಳಿದು ಆಟೋ ಹಿಡಿದರು. ನಾನು ಮೊದಲು ಲಾಳ ಹೊಡೆಯುವ ನಾಲಬಂದ್‌ನ ಮೇಲೆ ಹೋದೆ. ಮೊಳೆ ಮಾಂಸಕ್ಕೆ ಹೊಡೆದಿದ್ದಾನೆ ಅಂತ ನಾಲ್ಕು ಮಂದಿಯ ಮುಂದೆ ಬೈದೆ. ಆತ ನಾಲ್ಕೂ ಲಾಳ ಬಿಚ್ಚಿ, ಗೊರಸು ಒತ್ತಿ ತೋರಿಸಿದ, ಎಲ್ಲೂ ನೋವಿಲ್ಲ. ಆದರೂ ನಾನು ಒಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ಒಬ್ಬರು ಅದು ಗ್ಲ್ಯಾಂಡರ್ಸ್ ರೋಗ, ಸರಕಾರದವರಿಗೆ ತಿಳಿಸಬೇಕಾಗುತ್ತದೆ ಎಂದು ಗುಸುಗುಸು ಹಬ್ಬಿಸಿದರು. ಆ ರೋಗ ಬಂದ ಕುದುರೆಯನ್ನು ಉಳಿಸುವುದಿಲ್ಲ. ಆ ಹೆದರಿಕೆಗೇ ನಾನು ದವಾಖಾನೆಯ ಕಡೆ ಮುಖ ಮಾಡಲಿಲ್ಲ. ಸವಾರಿ ಬಿಟ್ಟು, ಕುದುರೆಯನ್ನು ತಿಕೋಟಾಕ್ಕೆ ಅಕ್ಕನ ಮನೆಗೆ ಒಯ್ದೆ.

ನಮ್ಮ ಮಾವ, ಅಂದರೆ ಅಕ್ಕನ ಗಂಡ, ದ್ರಾಕ್ಷಿ ಬೆಳೆಯುವವನು. ಎಲೆ ಮಗುಚಿ ಹುಳ ನೋಡಲು ಕಿಸೆಯಲ್ಲಿ ಸದಾ ಒಂದು ಭೂತಗನ್ನಡಿ. ಅದನ್ನು ಚಾಂದನಿಯ ಗೊರಸಿನ ಮೇಲಿನ ಮಡಿಕೆಗೆ ಹಿಡಿದ. ಕೂದಲ ಬುಡದಲ್ಲಿ ಕೇಸರಿ ಬಣ್ಣದ ಹುಡಿ ಮೆತ್ತಿದಂತಿತ್ತು. ನಾನು ಧೂಳು ಅಂದುಕೊಂಡಿದ್ದೆ. ಗಾಜಿನ ಕೆಳಗೆ ಆ ಧೂಳಿಗೆ ಕಾಲಿದ್ದವು. ತುಟಿಯ ಅಂಚಿನಲ್ಲಿ, ಕಿವಿಯೊಳಗೆ ಕೂಡ ಅದೇ. "ನುಸಿ" ಅಂದ ಮಾವ. ಅದು ಸರಿಯಾಗಿತ್ತು, ಒಪ್ಪಲೇಬೇಕು. ಮುಂದೆ ಅಂದದ್ದು ನೋಡಿ: "ನುಸಿ ಅಂದ್ರ ನುಸಿ. ಬಳ್ಳಿಗೆ ಹತ್ತಿದ್ರೇನು, ಕುದುರಿಗೆ ಹತ್ತಿದ್ರೇನು? ನಮ್ಮ ಎಮ್ಮಿಗೆ ಹೊಡದ ಔಷಧ ಐತಲ್ಲ, ಎರಡ ದಿನದಾಗ ಉಣ್ಣಿ ಎಲ್ಲಾ ಉದುರಿದ್ವು."

ಔಷಧದ ಅಂಗಡಿಯವನನ್ನು ನಾನೇ ಕೇಳಿದೆ, ಕುದುರೆಗೆ ನಡೆಯುತ್ತದೇನ್ರಿ ಅಂತ. ಮೊಬೈಲಿನಿಂದ ತಲೆ ಎತ್ತದೆ, "ಎಲ್ಲಾ ಜನಾವರಕ್ಕೂ ನಡೀತೈತ್ರಿ" ಅಂದ. ಅವನ ಮುಖ ಇನ್ನೂ ನನಗೆ ಮರೆತಿಲ್ಲ.

ಸಂಜೆ ದ್ರಾಕ್ಷಿಯ ಪಂಪಿನಿಂದಲೇ ಮೈತುಂಬ ಹೊಡೆದೆವು. ಮರುದಿನ ಚಾಂದನಿ ಕಾಲು ಬಡಿಯಲಿಲ್ಲ. ತಲೆ ತಗ್ಗಿಸಿ, ಕೆಳತುಟಿ ಜೋತು ಬಿಟ್ಟು ನಿಂತಿತ್ತು. ಕಡಿತ ನಿಂತಿತು ಅಂತ ಅಕ್ಕನಿಗೆ ಹೇಳಿ ಚಹಾ ಕುಡಿದೆ. ಅದು ಸಮಾಧಾನವಲ್ಲ, ಮಂಪರು ಅಂತ ನನಗೆ ತಿಳಿಯಲಿಲ್ಲ. ದಿನವೂ ಬುಟ್ಟಿ ತುಂಬ ಎತ್ತುವ ಲದ್ದಿ ಅಂದು ಇರಲಿಲ್ಲ. ಕಸ ಹೊಡೆಯುವುದು ತಪ್ಪಿತು ಅಂದುಕೊಂಡೆ ನೋಡಿ.

ಮೂರನೇ ದಿನ ಸಂಜೆ ಮಲಗುವುದು, ಏಳುವುದು, ಹೊರಳಿ ಪಕ್ಕೆಯನ್ನೇ ನೋಡುವುದು. ಮೈಯೆಲ್ಲ ಬೆವರು. ಹೊಟ್ಟೆಗೆ ಕಿವಿ ಹಚ್ಚಿದೆ. ಕುದುರೆಯ ಹೊಟ್ಟೆ ಎಂದೂ ಸುಮ್ಮನಿರುವುದಿಲ್ಲ, ಗುಡುಗುತ್ತಲೇ ಇರುತ್ತದೆ. ಅಂದು ಒಳಗೆ ಏನೂ ಇರಲಿಲ್ಲ. ಗೋಡೆಗೆ ಕಿವಿ ಕೊಟ್ಟ ಹಾಗೆ. ಒಂದು ಕಡೆ ಫೋನ್ ಮಾಡಿದರೆ, ಮುಂಜಾನೆ ಕರಕೊಂಡು ಬರ್ರಿ ಅಂದರು. ನಿಲ್ಲಲಾರದ ಕುದುರೆಯನ್ನು ಎಲ್ಲಿಗೆ ಕರೆದೊಯ್ಯುವುದು? ಕೊನೆಗೆ ವಿಜಯಪುರದಿಂದ ನಿವೃತ್ತ ಡಾಕ್ಟರೊಬ್ಬರು ಬೈಕಿನಲ್ಲಿ ಬಂದರು. ಆಗ ರಾತ್ರಿ ಹನ್ನೊಂದು.

ಬಾಟಲಿ ನೋಡಿದವರೇ ಹಣೆ ಒತ್ತಿಕೊಂಡರು. ಅಮಿಟ್ರಾಜ್. ದನಕ್ಕೆ ನಡೆಯುವ ಈ ಔಷಧ ಕುದುರೆಯ ಕರುಳನ್ನು ಚಲಿಸದಂತೆ ಮಾಡುತ್ತದೆ, ಮೇವು ದೊಡ್ಡ ಕರುಳಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಕುದುರೆಗೆ ವಾಂತಿಯೂ ಆಗುವುದಿಲ್ಲ. ಮೊದಲು ಸಾಬೂನು ನೀರಿನಿಂದ ಮೈ ತೊಳೆಸಿದರು. ಆಮೇಲೆ ಮೂಗಿನಿಂದ ಹೊಟ್ಟೆಯ ತನಕ ನಳಿಗೆ ಇಳಿಸಿದರು. ಮೂಗಿನಿಂದ ಒಂದಿಷ್ಟು ರಕ್ತ ಬಂತು. ಮಾವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಳಿಗೆಯೊಳಗೆ ಲಿಕ್ವಿಡ್ ಪ್ಯಾರಾಫಿನ್, ಕೊರಳಿಗೆ ಸಲೈನ್, ನೋವಿಗೆ ಸೂಜಿ. "ಇನ್ನ ಹೊರಳಾಕ ಬಿಡಬ್ಯಾಡ್ರಿ, ಅಡ್ಡಾಡಸ್ರಿ" ಅಂದರು.

ಅಡ್ಡಾಡಿಸಿದೆ. ಅಂಗಳದಿಂದ ಅಥಣಿ ರಸ್ತೆಯವರೆಗೆ, ರಸ್ತೆಯಿಂದ ಅಂಗಳಕ್ಕೆ. ಅದು ನಿಂತರೆ ನಾನೂ ನಿಂತೆ. ಬಾಲ ಸ್ವಲ್ಪ ಎತ್ತಿದರೆ ಸಾಕು, ಹಿಂದೆ ಓಡಿ ಬ್ಯಾಟರಿ ಬಿಡುತ್ತಿದ್ದೆ. ಬರೀ ಗಾಳಿ. ಗಾಳಿಗೂ ಡಾಕ್ಟರು ತಲೆಯಾಡಿಸಿದರು, ಚಲೋ ಅಂತ. ಕೋಳಿ ಕೂಗುವ ಹೊತ್ತಿಗೆ ಬಿತ್ತು. ಎಂಟು ಉಂಡಿ, ಸಣ್ಣವು, ಗಟ್ಟಿ, ಎಣ್ಣೆ ಸವರಿ ಮಿರಮಿರ ಮಿಂಚುತ್ತಿದ್ದವು. ಎಣಿಸಿದೆ, ಎಂಟು. ಜೀವಮಾನದಲ್ಲಿ ಲದ್ದಿ ನೋಡಿ ಅತ್ತದ್ದು ಅಂದೇ.

ಆ ನುಸಿಯ ವಿಷಯ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಮಿರಗದ ಮಳೆಗೆ ಹೊಲದಲ್ಲಿ ಹರಿದಾಡುವ ಮಖಮಲ್ಲಿನಂಥ ಕೆಂಪು ಹುಳ ಗೊತ್ತಲ್ಲ, ಇವು ಅದರ ದೂರದ ಸಂಬಂಧಿಕರು. ಕಚ್ಚುವುದು ಆರು ಕಾಲಿನ ಮರಿಗಳು ಮಾತ್ರ. ಹುಲ್ಲಿನ ತುದಿಯಲ್ಲಿ ಕಾದಿದ್ದು ಹತ್ತುತ್ತವೆ, ಕೆಲವು ದಿನ ತಿಂದು ತಾವೇ ಉದುರುತ್ತವೆ. ಕಡಿತ ಮಾತ್ರ ಆಮೇಲೂ ಉಳಿಯುತ್ತದೆ. ಅಂದರೆ ನಾನು ಔಷಧ ಹೊಡೆದ ಹೊತ್ತಿಗೆ ಅರ್ಧ ನುಸಿ ಹೋಗುವ ದಾರಿಯಲ್ಲೇ ಇದ್ದವು! ನನಗೂ ಜ್ವರ ಬಂದಿತ್ತೇ, ಮೈಮೇಲೆ ಕಪ್ಪು ಹಕ್ಕಳೆ ಇದೆಯೇ ಅಂತ ಕೇಳಿದರು. ಈ ಜಾತಿಯ ಕೆಲವು ಮರಿಗಳು ಮನುಷ್ಯರಿಗೆ ಸ್ಕ್ರಬ್ ಟೈಫಸ್ ತರುತ್ತವಂತೆ.

ಬರೆದಿಡಬೇಕಾದ್ದು ಇಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಕುದುರೆ ಕಾಲು ಬಡಿದರೆ ಮೊದಲು ಆ ಹುಲ್ಲಿನಿಂದ ಹೊರಗೆ ತನ್ನಿ, ಕಾಲು, ಮೂತಿ ತಣ್ಣೀರಿನಿಂದ ತೊಳೆದು ಒರೆಸಿ. ಸೀಮೆಎಣ್ಣೆ ಹಚ್ಚುವುದು ಬೇಡ. ಚಳಿಗಾಲಕ್ಕೂ ಕಡಿತ ಹೋಗದಿದ್ದರೆ ಅದು ಕುದುರೆಯ ಮೈಮೇಲೇ ಸಂಸಾರ ಮಾಡುವ ಬೇರೆ ಹುರುಕಿನ ನುಸಿ ಇರಬಹುದು. ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ಪಶು ಸಂಜೀವಿನಿ ಗಾಡಿಯ ನಂಬರ್ 1962, ಗೋಡೆಗೆ ಬರೆದಿಡಿ.

ನಾಲಬಂದ್‌ನ ಹತ್ತಿರ ಹೋಗಿ ಕೈ ಮುಗಿದೆ. ಆತ ಏನೂ ಅನ್ನಲಿಲ್ಲ, ಲಾಳಕ್ಕೆ ಹತ್ತು ರೂಪಾಯಿ ಏರಿಸಿದ. ಮಾವ ಈಗಲೂ ದಿನ ಬಿಟ್ಟು ದಿನ ಫೋನ್ ಮಾಡುತ್ತಾನೆ. ಅಕ್ಕನ ಸುದ್ದಿ, ಮಳೆಯ ಸುದ್ದಿ, ಮಣೂಕದ ರೇಟು ಎಲ್ಲ ಆಮೇಲೆ. ಮೊದಲ ಮಾತು ಒಂದೇ: "ಲದ್ದಿ ಹಾಕ್ಯಾಳೇನೋ?"