ಕಿರ್ದಿಯಿಂದ ಬ್ಲಾಕ್‌ಚೈನಿನವರೆಗೆ: ವಿಶ್ವವಿದ್ಯಾಲಯದ ಒಂದು ಹೊಸ ವ್ಯಾಸಂಗ

ದಾವಣಗೆರೆಯ ಹತ್ತಿ ಹಾಗೂ ಕಾಳುಕಡಿ ವ್ಯಾಪಾರದೊಡನೆ ಬೆಳೆದ ಮನೆತನಗಳಿಗೆ ಕಿರ್ದಿ ಪುಸ್ತಕವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ದಿನದ ಜಮಾ ಖರ್ಚು ಮುಗಿದ ಮೇಲೆ ಉಳಿದ ಶಿಲ್ಕನ್ನು ಮರುದಿನದ ಪುಟದ ತಲೆಯಲ್ಲಿ ಬರೆದ ಹೊರತು ಮುಂದಿನ ಲೆಕ್ಕ ಆರಂಭವಾಗದು. ಹಿಂದಿನ ಪುಟದ ಒಂದು ಅಂಕಿಯನ್ನು ತಿದ್ದಿದರೆ ಮುಂದಿನ ಪುಟಗಳು ತಾಳೆಯಾಗವು. ಇಂದು 'ಬ್ಲಾಕ್‌ಚೈನ್' ಎಂಬ ಹೆಸರಿನಿಂದ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿರುವ ಶಾಸ್ತ್ರ ಈ ಪದ್ಧತಿಗೆ ಬಹಳ ಸಮೀಪವಾದುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನದ ಪಠ್ಯಕ್ರಮದಲ್ಲಿ ಅದು ಐಚ್ಛಿಕ ವಿಷಯವಾಗಿ ಸೇರಿದೆ. 1979ರಲ್ಲಿ ಸ್ಥಾಪಿತವಾದ ನಮ್ಮೂರಿನ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯ ಆ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದುದು. ಆದ್ದರಿಂದ ಮಕ್ಕಳು ಈ ವಿಷಯವನ್ನು ಆರಿಸಿಕೊಳ್ಳಲೇ ಎಂದು ಕೇಳಿದಾಗ ಪಾಲಕರೂ ಅಧ್ಯಾಪಕರೂ ಉತ್ತರವನ್ನು ಹೇಳಬೇಕಾಗಿದೆ.

ಇದರ ಮೂಲತತ್ತ್ವ ನಾಣ್ಯಕ್ಕಿಂತ ಹಳೆಯದು. 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬಿಬ್ಬರು ವಿಜ್ಞಾನಿಗಳು, ದಾಖಲೆಯ ದಿನಾಂಕವನ್ನು ಯಾರೂ ಹಿಂದುಮುಂದು ಮಾಡದಂತೆ ಕಾಯುವ ಉಪಾಯವನ್ನು ಪ್ರಕಟಿಸಿದರು. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಗುಪ್ತನಾಮದ ಲೇಖಕ ಒಂಬತ್ತು ಪುಟಗಳ ಪ್ರಬಂಧದಲ್ಲಿ ಅದನ್ನು ಹಣಕ್ಕೆ ಅನ್ವಯಿಸಿದನು. ಬಿಟ್‌ಕಾಯಿನ್ ಹುಟ್ಟಿದ್ದು ಹೀಗೆ. ಅದರ ಒಟ್ಟು ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರದಂತೆ ನಿಯಮವಿದೆ. ಪ್ರತಿಯೊಂದು ಕಟ್ಟಿನ ಲೆಕ್ಕವನ್ನು ಗಣಿತಸೂತ್ರವೊಂದು ಅರೆದು 64 ಅಕ್ಷರಗಳ ಮುದ್ರೆಯನ್ನು ಮಾಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಮುದ್ರೆಯೇ ಬೇರೆಯಾಗುತ್ತದೆ. ಹಿಂದಿನ ಕಟ್ಟಿನ ಮುದ್ರೆಯನ್ನು ಮುಂದಿನದರ ತಲೆಯಲ್ಲಿ ಬರೆಯುವುದರಿಂದ ಸರಪಣಿ ಏರ್ಪಡುತ್ತದೆ. ಕಿರ್ದಿಗಿರುವ ವ್ಯತ್ಯಾಸವೆಂದರೆ, ಈ ಪುಸ್ತಕ ಒಬ್ಬ ಗುಮಾಸ್ತನ ವಶದಲ್ಲಿಲ್ಲ. ಅದರ ಪ್ರತಿಗಳು ಸಾವಿರಾರು ಗಣಕಯಂತ್ರಗಳಲ್ಲಿವೆ.

ಅಳಿಯದ ದಾಖಲೆಯ ಹಂಬಲ ನಮ್ಮ ನಾಡಿಗೆ ಹೊಸದಲ್ಲ. 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಕಂಡವರಿಗೆ ಇದು ತಿಳಿದೇ ಇದೆ. ದಾನವನ್ನು ಕಲ್ಲಿನಲ್ಲಿ ಕೊರೆಸಿ, ಅಳಿಪಿದವರಿಗೆ ಶಾಪವನ್ನು ಸೇರಿಸುವುದು ಅಂದಿನ ಶಾಸನಗಳ ರೂಢಿ. ಇಂದು ಶಾಪದ ಸ್ಥಾನದಲ್ಲಿ ಗಣಿತ ಕುಳಿತಿದೆ. ಆದರೆ ಕೂಟಶಾಸನಗಳೂ ಇದ್ದವೆಂಬುದನ್ನು ಮರೆಯಲಾಗದು. ಗಂಗರ ಹೆಸರಿನ ಅನೇಕ ತಾಮ್ರಪಟಗಳು ಕೃತಕವೆಂದು ಜೆ.ಎಫ್. ಫ್ಲೀಟರು ವಾದಿಸಿದರು; ಬಿ.ಎಲ್. ರೈಸರು ಅದನ್ನು ಒಪ್ಪಲಿಲ್ಲ. ತಾಮ್ರ ಬಾಳಿಕೆಯದೆಂಬ ಮಾತ್ರಕ್ಕೆ ಅದರ ಮೇಲಿನ ಬರಹ ಸತ್ಯವಾಗದು.

ನಾಣ್ಯದ ವಿಚಾರ ಬೇರೆ. ಕರ್ನಾಟಕದಲ್ಲಿ ಯುನೋಕಾಯಿನ್ ಎಂಬ ವಿನಿಮಯ ಸಂಸ್ಥೆ 2013ರಷ್ಟು ಹಿಂದೆಯೇ ಹುಟ್ಟಿತು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಇಂತಹ ವ್ಯವಹಾರಕ್ಕೆ ಬ್ಯಾಂಕುಗಳ ಸೇವೆಯನ್ನು ನಿಷೇಧಿಸಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡ 30ರಷ್ಟು ತೆರಿಗೆ ಬಂದಿತು. ಇದರಲ್ಲಾದ ನಷ್ಟವನ್ನು ಇತರ ಆದಾಯದಿಂದ ಕಳೆಯುವಂತಿಲ್ಲ. ತೆರಿಗೆ ವಿಧಿಸಿದೊಡನೆ ಅದು ಕಾನೂನುಬದ್ಧ ಹಣವಾಯಿತೆಂದು ಕೆಲವರು ತಿಳಿದಿದ್ದಾರೆ, ಆಗಲಿಲ್ಲ. 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಪ್ರಯೋಗಾರ್ಥವಾಗಿ ಜನರ ಬಳಕೆಗೆ ಬಂದ ಡಿಜಿಟಲ್ ರೂಪಾಯಿಯಾದರೋ ರಿಸರ್ವ್ ಬ್ಯಾಂಕಿನದೇ ಹಣ. ಕಾಲೇಜಿನ ಶುಲ್ಕಕ್ಕೆಂದು ತಂದೆ ಕಳುಹಿಸಿದ ಹಣವನ್ನು ನಾಣ್ಯಗಳಲ್ಲಿ ತೊಡಗಿಸಿ, ಇರುಳೆಲ್ಲ ಬೆಲೆಯ ಏರಿಳಿತವನ್ನು ನೋಡುತ್ತ ಕೂರುವ ತರುಣನು ಈ ಶಾಸ್ತ್ರದ ವಿದ್ಯಾರ್ಥಿಯಲ್ಲ.

ವಿದ್ಯಾರ್ಥಿಗೆ ಬೇಕಾದುದು ಸಂಖ್ಯಾಶಾಸ್ತ್ರವಲ್ಲ, ಸಂಖ್ಯಾಸಿದ್ಧಾಂತ. ಜೊತೆಗೆ ಸಂಭವನೀಯತೆ, ಗಣಕಜಾಲ, ಲೆಕ್ಕಶಾಸ್ತ್ರ, ಕರಾರು ಕಾನೂನು. ನನ್ನ ಅಭಿಪ್ರಾಯದಲ್ಲಿ ವಾಣಿಜ್ಯ ವಿಭಾಗದವರನ್ನೂ ಗಣಕ ವಿಭಾಗದವರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಇದನ್ನು ಬೋಧಿಸುವುದು ಲೇಸು. ಯಂತ್ರವಿಲ್ಲದೆಯೂ ಪ್ರೌಢಶಾಲೆಯಲ್ಲಿ ಆರಂಭಿಸಬಹುದು. ಹತ್ತು ಮಕ್ಕಳಿಗೆ ಹತ್ತು ನೋಟುಪುಸ್ತಕಗಳನ್ನು ಕೊಟ್ಟು ಒಂದೇ ಲೆಕ್ಕವನ್ನು ಬರೆಯಿಸಬೇಕು. ಒಬ್ಬನು ಗುಟ್ಟಾಗಿ ತಿದ್ದಿದರೆ ಉಳಿದ ಒಂಬತ್ತು ಪುಸ್ತಕಗಳು ಅವನನ್ನು ಹಿಡಿಯುತ್ತವೆ. ಆರು ಮಂದಿ ಸೇರಿ ತಿದ್ದಿದರೆ ಸುಳ್ಳೇ ಗೆಲ್ಲುತ್ತದೆ. ಬಹುಸಂಖ್ಯೆಯ ಬಲ ಒಂದೇ ಕೈಗೆ ಸೇರುವ ಅಪಾಯ ಮಕ್ಕಳಿಗೆ ಅರ್ಥವಾಗುತ್ತದೆ. ಮೂರನೆಯ ಬಾರಿ ಉಪಾಧ್ಯಾಯರೇ ಮೊದಲ ಸಾಲಿನಲ್ಲಿ ನೂರು ಕಿಲೋ ಮೆಕ್ಕೆಜೋಳವನ್ನು ತೊಂಬತ್ತೆಂದು ಹೇಳಿ ಬರೆಯಿಸಲಿ. ಹತ್ತು ಪುಸ್ತಕಗಳೂ ತಾಳೆಯಾಗುತ್ತವೆ. ಆಗ ತೂಕದ ಚೀಟಿಯನ್ನು ತೆಗೆದು ಮೇಜಿನ ಮೇಲಿಡಬೇಕು.